ನಿನ್ನದೇ ರಕ್ತ ಎಂಬ ಮಾತು

ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದವಾಖಾನೆಗೆ ಹೋಗಿ ಬಂದವರನ್ನು ಮನೆಯವರು ಮೊದಲು ಕೇಳುವುದು ‘ಸೂಜಿ ಮಾಡಿದ್ರೇನು?’ ಎಂದು. ಮಾಡಿದ್ದರೆ ಡಾಕ್ಟರು ಶಾಣ್ಯಾ. ಬರೀ ಗುಳಿಗೆ ಬರೆದು ಕಳಿಸಿದ್ದರೆ ಬಸ್ಸಿಗೆ ಕೊಟ್ಟ ದುಡ್ಡೂ ದಂಡ. ಜ್ವರಕ್ಕೆ ಸೂಜಿ, ಸೊಂಟನೋವಿಗೆ ಸೂಜಿ, ನಿಶ್ಶಕ್ತಿಗೆ ಸಲೈನು. ಹೊಟ್ಟೆಯ ದಾರಿ ಹಿಡಿದ ಔಷಧ ತಡ, ಚರ್ಮ ತೂರಿ ಒಳಗಿಳಿದದ್ದು ತಕ್ಷಣ ಎಂಬ ನಂಬಿಕೆ ನಮ್ಮಲ್ಲಿ ತಲೆಮಾರುಗಳಿಂದ ಬೇರೂರಿದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ವರ್ಷಕ್ಕೆ ಸುಮಾರು 1,600 ಕೋಟಿ ಇಂಜೆಕ್ಷನ್‌ಗಳನ್ನು ಚುಚ್ಚಲಾಗುತ್ತದೆ, ಅವುಗಳಲ್ಲಿ ಬಹಳಷ್ಟು ಬೇಕಿಲ್ಲದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತ ಬಂದಿದೆ. ಈಗ ಆ ಸೂಜಿ ತೋಳು, ಸೊಂಟಗಳನ್ನು ಬಿಟ್ಟು ನಮ್ಮ ಹುಡುಗರ ನೆತ್ತಿಗೇ ಏರಿದೆ.

ನನ್ನ ಅಕ್ಕನ ಮಗ ಖಾನಾಪುರದ ಆಚೆಯ ಹಳ್ಳಿಯವನು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ. ವಯಸ್ಸು ಇಪ್ಪತ್ತಾರು, ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ. ಕೂದಲಿನ ಕ್ಲಿನಿಕ್ಕೊಂದರಲ್ಲಿ ‘ಪಿಆರ್‌ಪಿ’ ಎಂಬ ಸೂಜಿಯ, ಎರಡು ತಿಂಗಳ ಪಗಾರದಷ್ಟು ಬೆಲೆಯ ಆರು ಸಿಟ್ಟಿಂಗ್‌ಗಳ ಪ್ಯಾಕೇಜಿಗೆ ಕಂತಿನ ಮೇಲೆ ಸಹಿ ಹಾಕುವ ಮುನ್ನ ಒಂದು ಮಾತು ಹೇಳೋಣವೆಂದು ನಮ್ಮ ಮನೆಗೆ ಬಂದ. ‘ಮಾಮಾ, ಇದು ಔಷಧ ಅಲ್ರಿ. ನಮ್ಮದ ರಕ್ತ ತಗದು ನಮ್ಮದ ತಲಿಗೆ ಹಾಕ್ತಾರ. ಸೈಡ್ ಎಫೆಕ್ಟ್ ಏನೂ ಇಲ್ಲಂತ. ಗುಳಗಿ ತಗೊಂಡ್ರ ಗಂಡಸ್ತನಾನ ಹೋಗತೈತಂತ. ಈಗ ಮಾಡಿಸಲಿಲ್ಲಂದ್ರ ಮುಂದ ಕನ್ಯಾ ಯಾರ್ ಕೊಡ್ತಾರ್ರಿ?’ ಎಂದ.

ಈ ಮಾತುಗಳು ಅವನೊಬ್ಬನವಲ್ಲ. ಬೆಳಗಾವಿಯ ಕಟಿಂಗ್ ಅಂಗಡಿಯಲ್ಲಿ, ಕಾಲೇಜು ಹಾಸ್ಟೆಲಿನಲ್ಲಿ, ಮದುವೆ ಮಾತುಕತೆಯ ಪಡಸಾಲೆಯಲ್ಲಿ ಇವತ್ತು ಓಡಾಡುತ್ತಿರುವ ಅಭಿಪ್ರಾಯವೇ ಇದು. ಸ್ವಂತ ರಕ್ತವಾದ್ದರಿಂದ ಅಪಾಯವಿಲ್ಲ. ಸೂಜಿ ನೇರ ಬೇರಿಗೇ ಹೋಗುವುದರಿಂದ ಗುಳಿಗೆ, ಲೋಷನ್ನಿಗಿಂತ ಬಲವಾದದ್ದು. ಬೋಳುತಲೆಯವನಿಗೆ ಬಾಳಿಲ್ಲವಾದ್ದರಿಂದ ಎಷ್ಟು ಖರ್ಚಾದರೂ ಸರಿ. ಈ ಮೂರೂ ತಪ್ಪು. ಒಂದು ತಪ್ಪು ಇನ್ನೊಂದಕ್ಕೆ ಊರುಗೋಲಾಗಿ ನಿಂತಿರುವುದರಿಂದ ಮೂರನ್ನೂ ಒಟ್ಟಿಗೇ ಖಂಡಿಸಬೇಕಾಗಿದೆ.

ಮೊದಲು ಗಂಡಸರ ತಲೆ ಬೋಳಾಗುವುದು ಹೇಗೆ ಎಂಬುದನ್ನು ನೋಡಬೇಕು. ಅದಕ್ಕೊಂದು ಕ್ರಮವಿದೆ. ಹಣೆಯ ಮೂಲೆಗಳು ಸರಿಯುತ್ತವೆ, ನೆತ್ತಿ ತೆಳ್ಳಗಾಗುತ್ತದೆ, ಕಿವಿಯ ಮೇಲಿನ ಮತ್ತು ಹಿಂದಲೆಯ ಕೂದಲು ಹಾಗೇ ಉಳಿಯುತ್ತದೆ. ಬೋರಿನ ನೀರು, ಹೆಲ್ಮೆಟ್ಟು, ಎಣ್ಣೆ ಹಚ್ಚದಿರುವುದು ಕಾರಣವಾಗಿದ್ದರೆ ಹಿಂದಲೆಗೆ ಮಾತ್ರ ಈ ವಿನಾಯಿತಿ ಸಿಗುತ್ತಿರಲಿಲ್ಲ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಇದರ ಮೂಲವನ್ನು ತೋರಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳ ಕೆಲಸ ನಿಂತಿದ್ದ ಗಂಡಸರ ತಲೆ ಬೋಳಾಗುತ್ತಿರಲಿಲ್ಲ. ಅಂಥವರಿಗೆ ಗಂಡು ಹಾರ್ಮೋನು ಕೊಟ್ಟಾಗ, ವಂಶದಲ್ಲಿ ಬೋಳುತಲೆ ಇದ್ದವರ ಕೂದಲು ಉದುರತೊಡಗಿತು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನ ಪ್ರಕಟವಾಯಿತು. ಟೆಸ್ಟೊಸ್ಟೆರೋನನ್ನು ಡಿಎಚ್‌ಟಿ ಎಂಬ ಇನ್ನೂ ತೀಕ್ಷ್ಣವಾದ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇದ್ದ ಆ ಕುಟುಂಬಗಳ ಗಂಡಸರಲ್ಲಿ ಬೋಳುತಲೆ ಕಾಣುತ್ತಿರಲಿಲ್ಲ. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ವಂಶದಿಂದ ಬಂದ ಸೂಕ್ಷ್ಮತೆ ಇರುವ ಬೇರುಗಳನ್ನು ಡಿಎಚ್‌ಟಿ ಕೂದಲು ಬೆಳೆದು ಉದುರುವ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಕುಗ್ಗಿಸುತ್ತದೆ. ದಪ್ಪ ಕೂದಲು ನವಿರಾಗುತ್ತದೆ, ನವಿರು ಕಣ್ಣಿಗೇ ಕಾಣದಷ್ಟಾಗುತ್ತದೆ.

ಈಗ ಸೂಜಿಯ ವಿಷಯಕ್ಕೆ ಬರೋಣ. ಪಿಆರ್‌ಪಿ ಎಂದರೆ ತೋಳಿನಿಂದ ಹತ್ತಿಪ್ಪತ್ತು ಮಿಲಿಲೀಟರ್ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಕೆಂಪು ಕಣಗಳನ್ನು ಬೇರ್ಪಡಿಸಿ, ಪ್ಲೇಟ್‌ಲೆಟ್ ತುಂಬಿದ ಹಳದಿ ದ್ರವವನ್ನು ನೆತ್ತಿಯ ಚರ್ಮಕ್ಕೆ ಚುಚ್ಚುವುದು. ಪ್ಲೇಟ್‌ಲೆಟ್‌ಗಳು ಗಾಯ ಮಾಯಿಸುವ ಕೆಲಸದವು. ಅವು ಬಿಡುವ ಬೆಳವಣಿಗೆಯ ಅಂಶಗಳು ಕೂದಲ ಬೇರನ್ನೂ ಚುರುಕಾಗಿಸಬಹುದು ಎಂಬುದು ಇದರ ಹಿಂದಿನ ತರ್ಕ. ಇದನ್ನು ವಿವರಿಸುವಾಗ ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ ಎನ್ನುತ್ತಾರೆ. ಆ ಹೋಲಿಕೆಯನ್ನೇ ಖಾನಾಪುರದ ಭತ್ತದ ರೈತನ ಮುಂದಿಡಿ. ಕಾಂಡಕೊರಕ ಹುಳ ಬಿದ್ದ ಗದ್ದೆಗೆ ಬರೀ ಗೊಬ್ಬರ ಸುರಿಯುತ್ತೀಯಾ ಎಂದು ಕೇಳಿ. ಮೊದಲು ಹುಳಕ್ಕೆ ದಾರಿ ನೋಡಬೇಕು ಎನ್ನುತ್ತಾನೆ. ಡಿಎಚ್‌ಟಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನು ತಡೆಯುವ ಗುಣ ಈ ಹಳದಿ ದ್ರವಕ್ಕಿದೆ ಎಂದು ಯಾರೂ ತೋರಿಸಿಲ್ಲ. ಇನ್ನು ಬೇರೇ ಉಳಿಯದೆ ನುಣ್ಣಗಾದ ಜಾಗದಲ್ಲಿ ಗೊಬ್ಬರಕ್ಕೆ ಏನೂ ಕೆಲಸವಿಲ್ಲ.

ನ್ಯಾಯವಾಗಿ ಮಾತಾಡಬೇಕು. ಪಿಆರ್‌ಪಿ ಪೂರ್ತಿ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ಕೂದಲು ಇನ್ನೂ ತೆಳ್ಳಗಾಗುತ್ತಿರುವ ಹಂತದಲ್ಲಿ ಕೆಲವರಿಗೆ ಸಾಂದ್ರತೆ ಸ್ವಲ್ಪ ಹೆಚ್ಚಿತೆಂದು ಹೇಳುವ ಪ್ರಯೋಗಗಳಿವೆ. ಪ್ರಯೋಜನವೇನೂ ಕಾಣಲಿಲ್ಲ ಎಂದ ಪ್ರಯೋಗಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಬೆರಳೆಣಿಕೆಯ ಜನರ ಮೇಲೆ, ಕೆಲವೇ ತಿಂಗಳು ನಡೆದವು. ಅದಕ್ಕಿಂತ ದೊಡ್ಡ ತೊಡಕು, ಪಿಆರ್‌ಪಿ ಎಂಬುದು ಒಂದೇ ವಸ್ತುವಲ್ಲ. ಒಬ್ಬರು ಒಮ್ಮೆ ತಿರುಗಿಸುತ್ತಾರೆ, ಇನ್ನೊಬ್ಬರು ಎರಡು ಸಲ. ವೇಗ ಬೇರೆ, ಸಮಯ ಬೇರೆ, ಚುಚ್ಚುವ ಆಳ ಬೇರೆ, ಅಂತರ ಬೇರೆ. ನಮ್ಮ ರಕ್ತದಲ್ಲಿ ಸಾಮಾನ್ಯವಾಗಿ ಒಂದು ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಅದು ಹತ್ತು ಲಕ್ಷದ ಮಟ್ಟಕ್ಕೆ ಏರಿದರೆ ಮಾತ್ರ ಆ ಹೆಸರಿಗೆ ಅರ್ಥ ಎಂದು ವೈದ್ಯಕೀಯ ಸಾಹಿತ್ಯದಲ್ಲಿ ವಾದವಿದೆ. ನಿಮ್ಮ ನೆತ್ತಿಗೆ ಹೋದ ದ್ರವದಲ್ಲಿ ಎಷ್ಟಿತ್ತು ಎಂದು ಎಣಿಸಿ ಚೀಟಿ ಕೊಟ್ಟವರು ಯಾರಾದರೂ ಇದ್ದಾರೆಯೇ? ಸಿಮೆಂಟಿನ ಚೀಲಕ್ಕೂ ತೂಕ ಬರೆದಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಲೆಗೆ ಚುಚ್ಚಿಸಿಕೊಳ್ಳುವ ವಸ್ತುವಿಗೆ ಅಳತೆಯೇ ಇಲ್ಲ. ಬಂದ ಫಲವೂ ನಿಲ್ಲುವುದಿಲ್ಲ. ತಿಂಗಳಿಗೊಂದರಂತೆ ಮೂರೋ ನಾಲ್ಕೋ ಸಿಟ್ಟಿಂಗ್ ಆದ ಮೇಲೆ, ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಿಸುತ್ತ ಹೋಗಬೇಕು. ಪ್ಯಾಕೇಜಿನ ಕಾಗದದಲ್ಲಿ ಆರು ಸಿಟ್ಟಿಂಗ್‌ಗಳಿಗೆ ಲೆಕ್ಕ ಮುಗಿಯುತ್ತದೆ, ತಲೆಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

‘ಎಫ್‌ಡಿಎ ಮಾನ್ಯತೆ ಪಡೆದದ್ದು’ ಎಂಬ ಮಾತೂ ಜಾಹೀರಾತುಗಳಲ್ಲಿ ಬರುತ್ತದೆ. ಅಮೆರಿಕದ ಆ ಔಷಧ ನಿಯಂತ್ರಣ ಸಂಸ್ಥೆ ರಕ್ತ ತಿರುಗಿಸುವ ಕಿಟ್‌ಗಳಿಗೆ ಬೇರೆ ಉದ್ದೇಶಕ್ಕಾಗಿ ಒಪ್ಪಿಗೆ ಕೊಟ್ಟಿದೆ. ಪಿಆರ್‌ಪಿಯಿಂದ ಕೂದಲು ಬೆಳೆಸುವ ಚಿಕಿತ್ಸೆಗೆ ಕೊಟ್ಟಿಲ್ಲ. ಒಲೆಗೆ ಸಿಕ್ಕ ಪ್ರಮಾಣಪತ್ರವನ್ನು ಅಡುಗೆಗೆ ಅಂಟಿಸಿದ ಹಾಗಾಯಿತು ಇದು.

ಪಿಆರ್‌ಪಿಯ ಬೆನ್ನಿಗೆ ಬಂದವು ಇನ್ನೂ ಇವೆ. ಫ್ರಾನ್ಸಿನ ಮಿಷೆಲ್ ಪಿಸ್ತೋರ್ 1952ರಲ್ಲಿ ಶುರುಮಾಡಿದ ಮೆಸೊಥೆರಪಿಯ ಹೆಸರಿನಲ್ಲಿ ವಿಟಮಿನ್ನು, ಬಯೊಟಿನ್ನು, ಏನೇನೋ ಮಿಶ್ರಣ ಚುಚ್ಚುತ್ತಾರೆ. ಜಿಎಫ್‌ಸಿ ಬಂತು, ಎಕ್ಸೊಸೋಮ್ ಬಂತು, ‘ಸ್ಟೆಮ್ ಸೆಲ್’ ಬಂತು. ಎಕ್ಸೊಸೋಮ್ ಉತ್ಪನ್ನಗಳ ಬಗ್ಗೆ ಅದೇ ಎಫ್‌ಡಿಎ 2019ರ ಡಿಸೆಂಬರಿನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಸ್ಟೆಮ್ ಸೆಲ್ ಚಿಕಿತ್ಸೆ ಎಂದರೆ ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಕಸಿಯಷ್ಟೇ, ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ಎಂದು ನಮ್ಮ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಕಡ್ಡಿ ಮುರಿದಂತೆ ಹೇಳಿದೆ. ಹೆಸರು ಹೊಸದಾದಷ್ಟೂ ದರ ಏರುತ್ತಿದೆ, ಪುರಾವೆ ಇಳಿಯುತ್ತಿದೆ.

ಹಾಗಾದರೆ ‘ನನಗೆ ಫಲ ಸಿಕ್ಕಿದೆ’ ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ, ಕಾರಣವನ್ನು ತಪ್ಪಾಗಿ ಗುರುತಿಸುತ್ತಿದ್ದಾರೆ. ಟೈಫಾಯ್ಡ್, ಡೆಂಗಿ, ಕೊರೊನಾದಂಥ ಜ್ವರ ಬಿಟ್ಟ ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಉದುರುತ್ತದೆ. ಬೇರಿಗೆ ಏನೂ ಆಗಿರುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿಯೇ ನಿಂತು ಕೂದಲು ಮರಳಿ ಬರುತ್ತದೆ. ಹುಡುಗ ಗಾಬರಿಯಾಗಿ ಕ್ಲಿನಿಕ್ಕಿಗೆ ಓಡುವುದು ಉದುರುವಿಕೆ ತುದಿಗೆ ಮುಟ್ಟಿದಾಗಲೇ. ಮೂರು ಸಿಟ್ಟಿಂಗ್ ಮುಗಿಯುವ ಹೊತ್ತಿಗೆ ದೇಹ ತನ್ನ ಕೆಲಸ ತಾನು ಮುಗಿಸಿರುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಹೆಸರು ಕಾಗೆಗೆ ಬಂತು.

ಇನ್ನೊಂದು ಬಗೆಯೂ ಇದೆ. ಸೂಜಿಯ ಜೊತೆಗೆ ಮಿನಾಕ್ಸಿಡಿಲ್ ಲೋಷನ್ನು, ಫಿನಾಸ್ಟರೈಡ್ ಗುಳಿಗೆ ಕೂಡ ಬರೆದುಕೊಡುವುದು ವಾಡಿಕೆ. ಆರು ತಿಂಗಳ ಮೇಲೆ ಕೂದಲು ಸುಧಾರಿಸುತ್ತದೆ. ದಿನಾ ರಾತ್ರಿ ಹಚ್ಚಿಕೊಂಡ ಲೋಷನ್ನನ್ನು, ದಿನಾ ನುಂಗಿದ ಗುಳಿಗೆಯನ್ನು ಯಾರೂ ನೆನೆಯುವುದಿಲ್ಲ. ನೋವಾದದ್ದು, ದುಡ್ಡು ಹೋದದ್ದು ಸೂಜಿಗೆ. ಆದ್ದರಿಂದ ಗುಣವಾದದ್ದೂ ಸೂಜಿಯಿಂದಲೇ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಫ್ಲೆಕ್ಸಿನ ಮೇಲಿನ ‘ಮೊದಲು–ನಂತರ’ದ ಫೋಟೊ ಇದನ್ನು ಬಿಡಿಸಿ ಹೇಳುವುದಿಲ್ಲ. ಒದ್ದೆ ಕೂದಲಿಗೂ ಒಣ ಕೂದಲಿಗೂ, ನೆತ್ತಿಯ ಮೇಲಿನ ಬೆಳಕಿಗೂ ಪಕ್ಕದ ಬೆಳಕಿಗೂ ಎಷ್ಟು ವ್ಯತ್ಯಾಸ ಎಂಬುದನ್ನು ಮನೆಯ ಕನ್ನಡಿಯ ಮುಂದೆ ನಿಂತೇ ಕಾಣಬಹುದು.

ಸ್ವಂತ ರಕ್ತವಾದ್ದರಿಂದ ಅಪಾಯವಿಲ್ಲ ಎಂಬ ಮಾತಂತೂ ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದ ಹಾಗಿದೆ. ರಕ್ತ ನಿನ್ನದೇ ಇರಬಹುದು. ಸೂಜಿ ಯಾರದು? ಕೊಳವೆ ಯಾರದು? ಅದರ ಮೇಲೆ ನಿನ್ನ ಹೆಸರಿನ ಚೀಟಿ ಇತ್ತೇ? ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸ್ಪಾ ಒಂದರಲ್ಲಿ ಮುಖದ ಕಾಂತಿಗಾಗಿ ಇದೇ ಪಿಆರ್‌ಪಿ ಮಾಡಿಸಿಕೊಂಡ ಹೆಂಗಸರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಲೈಸೆನ್ಸ್ ಇಲ್ಲದ ಜಾಗ ಅದು. ಒಮ್ಮೆ ಬಳಸಿ ಬಿಸಾಡಬೇಕಾದ ಸಾಮಾನನ್ನು ಮತ್ತೆ ಬಳಸಿದ್ದರು. ಹೆಸರಿಲ್ಲದ ರಕ್ತದ ಕೊಳವೆಗಳು ಅಡುಗೆಮನೆಯ ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥದ ಜೊತೆಗಿದ್ದವು. ಅಲ್ಲಿಗೆ ಹೋದವರಿಗೂ ಹೇಳಿದ್ದು ‘ನಿನ್ನದೇ ರಕ್ತ’ ಎಂದೇ. ಬೆಳಗಾವಿಯ ಒಳ್ಳೆಯ ಚರ್ಮವೈದ್ಯರು ಹೀಗೆ ಮಾಡುವುದಿಲ್ಲ, ಅದು ನನಗೆ ಗೊತ್ತು. ಆದರೆ ಮೂರು ಮೆಟ್ಟಿಲು ಹತ್ತಿ ಗಾಜಿನ ಬಾಗಿಲು ತಳ್ಳುವ ಹುಡುಗನಿಗೆ ಒಳಗಿರುವವರು ಚರ್ಮವೈದ್ಯರೋ, ಎರಡು ದಿನದ ತರಬೇತಿ ಮುಗಿಸಿ ಬಂದವರೋ ತಿಳಿಯುವುದು ಹೇಗೆ? ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ, ಕಾರ್ಯಾಗಾರದಲ್ಲಿ ನೋಡಿದ್ದು ಅಥವಾ ಯೂಟ್ಯೂಬಿನಲ್ಲಿ ಕಂಡದ್ದು ಸೌಂದರ್ಯ ಚಿಕಿತ್ಸೆ ಮಾಡಲು ಸಾಕಾಗುವ ತರಬೇತಿಯಲ್ಲ ಎಂದು ಬರೆದು ಹೇಳಬೇಕಾಯಿತು. ಹಾಗೆ ಹೇಳಬೇಕಾಗಿ ಬಂದದ್ದೇ ಪರಿಸ್ಥಿತಿ ಏನೆಂಬುದನ್ನು ತಿಳಿಸುತ್ತದೆ.

ಕಾನೂನು ಸುಮ್ಮನಿಲ್ಲ. 1945ರ ಔಷಧ ಮತ್ತು ಪ್ರಸಾಧನ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಯಾವ ಔಷಧವೂ ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯಿದೆ. ಕ್ಯಾನ್ಸರು, ಕುರುಡುತನಗಳ ಸಾಲಿನಲ್ಲೇ ಬೋಳುತಲೆಯೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಬಾಟಲಿಯ ಮೇಲೆ ಬರೆಯಬಾರದ ಮಾತು ಫ್ಲೆಕ್ಸಿನ ಮೇಲೆ ಬರೆದಾಗ ನಿಜವಾಗುವುದಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪ್ರತಿ ಕ್ಲಿನಿಕ್ಕೂ ನೋಂದಾಯಿಸಿಕೊಳ್ಳಬೇಕು, ದರಪಟ್ಟಿ ತೂಗುಹಾಕಬೇಕು. ಅದನ್ನು ನೋಡಿಕೊಳ್ಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಸೂಜಿ ಹಿಡಿಯುವ ಪ್ರತಿ ‘ಹೇರ್ ಸ್ಟುಡಿಯೊ’ದ ಬಾಗಿಲನ್ನೂ ಆ ಪ್ರಾಧಿಕಾರ ತಟ್ಟಬೇಕು. ಇದು ನನ್ನ ಬೇಡಿಕೆ.

ಗುಳಿಗೆಯ ಮೇಲೆ ಹೊರಿಸಿರುವ ಅಪವಾದಕ್ಕೂ ಉತ್ತರ ಬೇಕು. ಫಿನಾಸ್ಟರೈಡ್ ಆ ಡೊಮಿನಿಕನ್ ಕುಟುಂಬಗಳಿಂದ ಕಲಿತ ಪಾಠದ ಫಲ. ಡಿಎಚ್‌ಟಿ ಹುಟ್ಟುವ ಜಾಗದಲ್ಲೇ ಅದು ಅಡ್ಡಗಟ್ಟುತ್ತದೆ. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 18ರಿಂದ 41 ವಯಸ್ಸಿನ 1,553 ಗಂಡಸರಿದ್ದರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಗುಳಿಗೆ, ಯಾರಿಗೆ ಯಾವುದು ಎಂಬುದು ಯಾರಿಗೂ ತಿಳಿಯದ ಹಾಗೆ ಕೊಡಲಾಗಿತ್ತು. ಎರಡು ವರ್ಷದ ನಂತರ ಔಷಧ ಪಡೆದವರಲ್ಲಿ ಶೇ 83ರಷ್ಟು ಮಂದಿ ನೆತ್ತಿಯ ಕೂದಲು ಉಳಿಸಿಕೊಂಡಿದ್ದರು, ಉಳಿದವರಲ್ಲಿ ಶೇ 28. ಲೈಂಗಿಕ ತೊಂದರೆ ಹೇಳಿಕೊಂಡವರು ಔಷಧದ ಗುಂಪಿನಲ್ಲಿ ಶೇ 3.8, ಔಷಧವಿಲ್ಲದ ಗುಳಿಗೆಯ ಗುಂಪಿನಲ್ಲಿ ಶೇ 2.1. ಅಪಾಯ ಶೂನ್ಯವಲ್ಲ, ಅದನ್ನು ಮುಚ್ಚಿಡಬಾರದು. ಆತ್ಮಹತ್ಯೆಯ ಯೋಚನೆ ಬರಬಹುದಾದ ಅಡ್ಡಪರಿಣಾಮದ ಬಗ್ಗೆ ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಎಚ್ಚರಿಸಿದೆ. ಮನಸ್ಸು ಕುಗ್ಗಿದ ಹಿನ್ನೆಲೆ ಇದ್ದವರು ವೈದ್ಯರಿಗೆ ಅದನ್ನು ಹೇಳಲೇಬೇಕು. ಯಾರೂ ತಾವಾಗಿಯೇ ಅಂಗಡಿಯಿಂದ ಕೊಂಡು ನುಂಗಬಾರದು. ಆದರೂ ವ್ಯತ್ಯಾಸ ಗಮನಿಸಿ: ಗುಳಿಗೆಯ ಅಪಾಯ ನಮಗೆ ಗೊತ್ತಿರುವುದು ಅದನ್ನು ಸಾವಿರಾರು ಜನರಲ್ಲಿ ಅಳೆದಿರುವುದರಿಂದ. ಸೂಜಿಗೆ ಅಪಾಯವೇ ಇಲ್ಲ ಎನ್ನುವ ಧೈರ್ಯ ಬಂದಿರುವುದು ಆ ಪ್ರಮಾಣದಲ್ಲಿ ಅಳೆಯದೇ ಇರುವುದರಿಂದ. ಅಳೆದ ಅಪಾಯಕ್ಕೆ ಹೆದರಿ ಅಳೆಯದ ಭರವಸೆಗೆ ತಲೆಯೊಡ್ಡುವುದು ಬುದ್ಧಿವಂತಿಕೆಯಲ್ಲ. ಮಿನಾಕ್ಸಿಡಿಲ್ ಕೂಡ ಹಾಗೆಯೇ. ರಕ್ತದೊತ್ತಡದ ಗುಳಿಗೆಯಾಗಿ ಬಂದು, ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದು ಕಂಡು, 1988ರಲ್ಲಿ ತಲೆಗೆ ಹಚ್ಚುವ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇವೆರಡೂ ಪವಾಡವಲ್ಲ, ಬಿಟ್ಟರೆ ಫಲವೂ ಬಿಡುತ್ತದೆ. ಆದರೆ ದಿನಕ್ಕೆ ಕೆಲವೇ ರೂಪಾಯಿಯ ಬಾಬತ್ತು. ಅದಕ್ಕೇ ಇವುಗಳಿಗೆ ಫ್ಲೆಕ್ಸ್ ಹಾಕುವವರಿಲ್ಲ.

ಸೂಜಿಗೆ ಜಾಗವೇ ಇಲ್ಲವೆಂದಲ್ಲ. ತಲೆಯಲ್ಲೋ ಗಡ್ಡದಲ್ಲೋ ನಾಣ್ಯದಷ್ಟು ಅಗಲಕ್ಕೆ ದುಂಡಗೆ ಕೂದಲು ಹೋಗುವುದನ್ನು ನಮ್ಮ ಜನ ಹುಳ ತಿಂದದ್ದು ಎನ್ನುತ್ತಾರಲ್ಲ, ಆ ಅಲೋಪೇಶಿಯಾ ಏರಿಯೇಟಾಕ್ಕೆ ಚರ್ಮವೈದ್ಯರು ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಒಪ್ಪಿತ ಚಿಕಿತ್ಸೆ. ಆದರೆ ಅದು ಬೇರೆಯೇ ಕಾಯಿಲೆ. ಗೆಳೆಯನಿಗೆ ಅದರಿಂದ ಕೂದಲು ಬಂತೆಂದು ಈ ಬೋಳುತಲೆಗೆ ಸೂಜಿ ಬೇಡುವುದು, ಮಲೇರಿಯಾದ ಗುಳಿಗೆಯನ್ನು ನೆಗಡಿಗೆ ನುಂಗಿದ ಹಾಗೆ.

ಕೊನೆಗೆ ಎಲ್ಲಕ್ಕಿಂತ ಆಳವಾಗಿ ಚುಚ್ಚಿರುವ ಮಾತು: ‘ಕನ್ಯಾ ಯಾರ್ ಕೊಡ್ತಾರ?’ ನಾವು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುವ ಜನ. ಬೋಳಿಸಿಕೊಂಡು ಬಂದವನ ತಲೆ ಪುಣ್ಯದ ಗುರುತು, ಕಾಲು ಮುಟ್ಟಿ ಪ್ರಸಾದ ಇಸಿದುಕೊಳ್ಳುತ್ತೇವೆ. ಅದೇ ತಲೆ ತಾನಾಗಿ ಬೋಳಾದರೆ ‘ಟಕ್ಲ್ಯಾ’ ಎಂದು ಓಣಿಯಲ್ಲಿ ಕೂಗುತ್ತೇವೆ. 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ತೆಗೆದರು. ಬೋಳುತಲೆಯ ಕನ್ನಡ ಉಪನ್ಯಾಸಕನೊಬ್ಬ ಹೆಣ್ಣು ಹುಡುಕುತ್ತ ಪಡುವ ಪಾಡು ಅದರ ವಸ್ತು. ಚಿತ್ರಮಂದಿರದಲ್ಲಿ ಆ ಉಪನ್ಯಾಸಕನಿಗಾಗಿ ಮರುಗಿದವರೇ ಹೊರಗೆ ಬಂದು ವರನ ಫೋಟೊದಲ್ಲಿ ನೆತ್ತಿಯನ್ನು ದೊಡ್ಡದು ಮಾಡಿ ನೋಡುತ್ತಾರೆ.

ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಅವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ತಲೆ ತುಂಬ ಕೂದಲಿದ್ದವರೂ ನಡೆದರು. ಬೇಸಾಯಕ್ಕೆ ಬೆಲೆಯಿಲ್ಲ, ಹಳ್ಳಿಯ ಬದುಕಿಗೆ ಭದ್ರತೆಯಿಲ್ಲ, ಹೆಣ್ಣುಮಕ್ಕಳ ಸಂಖ್ಯೆಯನ್ನು ನಾವೇ ಕಡಿಮೆ ಮಾಡಿಕೊಂಡೆವು. ಮದುವೆ ನಿಂತಿರುವುದು ಆ ಕಲ್ಲುಗಳಿಗೆ ಎಡವಿ. ಆ ಕಲ್ಲುಗಳನ್ನು ಎತ್ತುವುದು ಕಷ್ಟ, ಸೂಜಿ ಕೊಳ್ಳುವುದು ಸುಲಭ. ಸಮಾಜದ ರೋಗವನ್ನು ಒಬ್ಬೊಬ್ಬ ಹುಡುಗನ ನೆತ್ತಿಗೆ ಇಳಿಸಿ, ಅವನ ಪಗಾರದಲ್ಲೇ ಅದರ ಚಿಕಿತ್ಸೆ ಮಾಡಿಸುವ ಈ ವ್ಯವಹಾರ ನನಗೆ ಸಿಟ್ಟು ತರಿಸುತ್ತದೆ. ತೆಳ್ಳಗಾದ ಕೂದಲು ಆಯಸ್ಸನ್ನಾಗಲಿ, ದುಡಿಯುವ ಶಕ್ತಿಯನ್ನಾಗಲಿ ಕಿತ್ತುಕೊಳ್ಳುವುದಿಲ್ಲ. ಕಂತಿನ ಸಾಲ ಅವೆರಡಕ್ಕೂ ಕೈ ಹಾಕುತ್ತದೆ.

ಅಕ್ಕನ ಮಗನಿಗೆ ನಾನು ಬೇಡ ಎನ್ನಲಿಲ್ಲ. ಕೂದಲು ಉಳಿಸಿಕೊಳ್ಳಬೇಕೆಂಬ ಆಸೆ ತಪ್ಪಲ್ಲ, ಅದು ಅವನ ಹಕ್ಕು. ಮೊದಲು ಬೆಳಗಾವಿಯ ಬಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ ಚೀಟಿ ಮಾಡಿಸು ಎಂದೆ. ಇದು ವಂಶದ ಬೋಳೋ, ಜ್ವರದ ನಂತರದ ಉದುರೋ, ಬೇರೆ ಕಾಯಿಲೆಯೋ ಎಂಬುದು ಗೊತ್ತಾಗಲಿ. ಆಮೇಲೂ ಸೂಜಿ ಬೇಕೆನಿಸಿದರೆ ಆ ಕ್ಲಿನಿಕ್ಕಿನಲ್ಲಿ ನಿಂತು ಕೇಳು: ಚುಚ್ಚುವವರ ಡಿಗ್ರಿ ಏನು, ಕ್ಲಿನಿಕ್ಕಿನ ನೋಂದಣಿ ಸಂಖ್ಯೆ ಎಲ್ಲಿ, ಪ್ಲೇಟ್‌ಲೆಟ್ ಎಣಿಸಿ ಕೊಡುತ್ತೀರಾ, ಕಿಟ್ಟನ್ನು ನನ್ನ ಕಣ್ಣ ಮುಂದೆ ಒಡೆಯುತ್ತೀರಾ, ನಿಲ್ಲಿಸಿದ ಮೇಲೆ ಏನಾಗುತ್ತದೆ? ಉತ್ತರ ಬಾರದ ಕಡೆ ಸಹಿ ಹಾಕಬೇಡ.

ಅಕ್ಕನಿಗೆ ಹೇಳಿದ್ದು ಇನ್ನೊಂದು ಮಾತು. ಅವನು ದವಾಖಾನೆಯಿಂದ ಬಂದ ದಿನ ಹೊಸ್ತಿಲಲ್ಲೇ ‘ಸೂಜಿ ಮಾಡಿದ್ರೇನು?’ ಎಂದು ಕೇಳಬೇಡ. ಏನು ಕೊಟ್ಟರು ಎನ್ನುವುದನ್ನು ಆಮೇಲೆ ಕೇಳಿದರಾಯಿತು. ಮೊದಲು ಕೇಳಬೇಕಾದದ್ದು ‘ಏನಾಗೈತಂತ ಹೇಳಿದ್ರು?’ ಎಂದು. ಇಷ್ಟು ವರ್ಷ ನಾವು ಈ ಪ್ರಶ್ನೆಯನ್ನು ಕೇಳದೇ ಹೋದದ್ದರಿಂದಲೇ ಆ ಸೂಜಿ ಸೊಂಟದಿಂದ ನೆತ್ತಿಯವರೆಗೆ ಏರಿಬಂತು.